ಬರಿ ಚೀಲ ಕೊಡಬಾರದು

ಕಪಾಟಿನ ಮೇಲಿನ ಅರೆಯಲ್ಲಿ ಛತ್ರಿ ಹುಡುಕಲು ಹೋದೆ, ಸಿಕ್ಕಿದ್ದು ರಿಬ್ಬನ್ನಿನ ಸುರುಳಿ. ಕೆಂಪಗೆ ಮಿರಿಮಿರಿ ಮಿಂಚುವ ರಿಬ್ಬನ್ನು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿಲ್ಲ. ವಿಜಯವಾಡದಲ್ಲಿ ಛತ್ರಿ ಬೇಕಾಗುವುದು ಮಳೆಗಿಂತ ಹೆಚ್ಚಾಗಿ ಬಿಸಿಲಿಗೆ. ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ಆದರೂ ನಾನು ಸ್ಟೂಲಿನ ಮೇಲೆ ನಿಂತುಕೊಂಡೇ ಆ ಸುರುಳಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಮ್ಮ ಮನೆಯಲ್ಲಿ ಎರಡು ಜಡೆ ಹಾಕುವವರು ಯಾರೂ ಇಲ್ಲ. ನನ್ನ ಕೂದಲಿಗೆ ಈಗ ಚಿಕ್ಕದೊಂದು ಕ್ಲಿಪ್ಪೇ ಹೆಚ್ಚು.

"ಯಾರದರ ಅಂಗಡಿ ಉದ್ಘಾಟನಾ ಅದ ಏನು?" ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಕೇಳಿದರು.

ಉದ್ಘಾಟನೆ ಅಲ್ಲ ಮಾರಾಯರೇ, ಇದು ತೆರಿಗೆ ಉಳಿಸಿದ ರಿಬ್ಬನ್ನು. ಅದರ ಕತೆ ಹೇಳಬೇಕೆಂದರೆ ಸ್ಟೂಲಿನಿಂದ ಇಳಿದು ಕೂತೇ ಹೇಳಬೇಕು. ಓದುವ ನೀವೂ ಕೂತುಕೊಳ್ಳಿ.

ಬ್ಯಾಂಕಿನವರ ಹಣೆಬರಹ ನಿಮಗೆ ಗೊತ್ತಿರಬಹುದು. ಊರು ಬಿಟ್ಟು ಬಂದ ನಾಲ್ಕು ಕನ್ನಡದ ಮನೆಗಳು ಸೇರಿ ಗಣಪತಿ ಕೂರಿಸಲಿ, ಪಿಕ್ನಿಕ್ಕಿಗೆ ಹೋಗಲಿ, ಖಜಾಂಚಿ ಯಾರು ಎಂಬ ಮಾತು ಬಂದೊಡನೆ ಎಲ್ಲರ ಕತ್ತೂ ಬ್ಯಾಂಕಿನವರ ಕಡೆ ತಿರುಗುತ್ತದೆ. ನಾನು ಮನೆಯಲ್ಲಿ ಹಾಲಿನವನ ಲೆಕ್ಕದಲ್ಲೇ ತಪ್ಪುವವಳು. ಹಾಗೆಂದು ಹೇಳಿದರೆ ಅದನ್ನು ವಿನಯ ಎಂದು ತಿಳಿದು ಇನ್ನೂ ಎರಡು ಖಾತೆ ನನ್ನ ಕೊರಳಿಗೆ ಕಟ್ಟುತ್ತಾರೆ. ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೊದಲ ತಿಂಗಳೇ ನನ್ನನ್ನು ಹೀಗೆ ಹಿಡಿದವರು ಸರೋಜಕ್ಕ.

ಸರೋಜಕ್ಕ ಗದಗಿನ ಕಡೆಯವರು. ಗಂಡ ಬಂದರಿನಲ್ಲಿ ಕೆಲಸದಲ್ಲಿದ್ದರು, ಮದುವೆಯಾಗಿ ಬಂದವರು ಅಲ್ಲಿಯೇ ಬೇರು ಬಿಟ್ಟರು. ಬಂದರಿನ ಹತ್ತಿರದ ಓಣಿಯೊಂದರಲ್ಲಿ ಧರ್ಮಕ್ಕೆ ನಡೆಯುವ ಒಂದು ಸಣ್ಣ ಶಾಲೆಯಿದೆ. ಅಲ್ಲಿ ಕೂಲಿಯವರ, ಮೀನುಗಾರರ ಮಕ್ಕಳು ಓದುತ್ತಾರೆ. ಅದರ ಒಂದು ಕೋಣೆಯಲ್ಲಿ ಭಾನುವಾರ ನಮ್ಮ ಮಕ್ಕಳಿಗೆ ಸರೋಜಕ್ಕನ ಕನ್ನಡ ಪಾಠ. ಬ್ಯಾಂಕಿನವರ ಮಕ್ಕಳು, ನೌಕಾಪಡೆಯವರ ಮಕ್ಕಳು ಎಲ್ಲಾ ಬರುತ್ತಾರೆ. "ಮಿಸ್, ಇವನು ನನ್ನ ಪೆನ್ಸಿಲ್ ತೀಸ್ಕೊಂಡ" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ದೂರು ಹೇಳುತ್ತಾರೆ. ಸರೋಜಕ್ಕ ಮೊದಲು ಪೆನ್ಸಿಲ್ ಕೊಡಿಸುತ್ತಾರೆ, ಆಮೇಲೆ ಕನ್ನಡ ತಿದ್ದುತ್ತಾರೆ. ಕೋಣೆಗೆ ಶಾಲೆಯವರು ಬಾಡಿಗೆ ಕೇಳುವುದಿಲ್ಲ. ಅದರ ಬದಲು ನಾವು ಪ್ರತಿ ಜೂನ್ ತಿಂಗಳಲ್ಲಿ ಅಲ್ಲಿನ ಮಕ್ಕಳಿಗೆ ಚೀಲ, ನೋಟುಬುಕ್ಕು, ಪೆನ್ಸಿಲ್ಲು ಕೊಡುವುದೆಂದು ಒಂದು ಸಣ್ಣ ಟ್ರಸ್ಟು ಮಾಡಿಕೊಂಡಿದ್ದೇವೆ. ಅಧ್ಯಕ್ಷರು ಸರೋಜಕ್ಕ, ಖಜಾಂಚಿ ನಾನು. ನಾನು ಆಮೇಲೆ ವಿಜಯವಾಡಕ್ಕೆ ವರ್ಗವಾದಾಗ ಇನ್ನಾದರೂ ಬಿಡುಗಡೆ ಸಿಕ್ಕೀತು ಎಂದುಕೊಂಡಿದ್ದೆ.

"ಛಲೋನ ಆತು ತಗೋ ಗಿರಿಜಾ," ಎಂದರು ಸರೋಜಕ್ಕ. "ಹೋಲ್‌ಸೇಲ್ ಪ್ಯಾಟಿ ಅಲ್ಲೇ ಅದ. ಇನ್ನ ನೀನ ಖರೀದಿ ಮಾಡಿ ಕಳಿಸಿಬಿಡು."

ಹೀಗೆ ಬಿಡುಗಡೆಯಾಗುವ ಬದಲು ನನಗೆ ಬಡ್ತಿ ಸಿಕ್ಕಿತು.

ಕಳೆದ ವರ್ಷದ ಮಾತು. ಹತ್ತಿರದ ಇನ್ನೊಂದು ಶಾಲೆ ಮುಚ್ಚಿಹೋಗಿ ಅಲ್ಲಿನ ಮಕ್ಕಳೆಲ್ಲ ನಮ್ಮ ಶಾಲೆಗೆ ಬಂದು ಸೇರಿದವು. ಸೇರಿಸಲು ಬಂದ ದಿನ ಆ ಮಕ್ಕಳು ಕಾಂಪೌಂಡ್ ಗೋಡೆಗೆ ಅಂಟಿಕೊಂಡು ಬೇರೆಯೇ ನಿಂತಿದ್ದವಂತೆ. ಹಳೆಯ ಮಕ್ಕಳು ಅವರತ್ತ ನೋಡುವುದು, ಅವರು ನೆಲ ನೋಡುವುದು. ಸರೋಜಕ್ಕ ಇಂಥದ್ದನ್ನೆಲ್ಲ ಕಂಡು ಸುಮ್ಮನಿರುವ ಹೆಂಗಸಲ್ಲ. ಅಲ್ಲಿಯೇ ನಿಂತು, ತಮ್ಮ ಗದಗಿನ ತೆಲುಗಿನಲ್ಲಿ, ಈ ಸಲ ಹಳೆಯವರು ಹೊಸಬರು ಎಂಬ ಭೇದವಿಲ್ಲ, ಎಲ್ಲರಿಗೂ ಒಂದೇ ನಮೂನೆಯ ಚೀಲ ಎಂದು ಘೋಷಿಸಿಬಿಟ್ಟರು. ಆಮೇಲೆ ನನಗೆ ಫೋನು.

"ಗಿರಿಜಾ, ಮಾತ ಕೊಟ್ಟೇನಿ."

"ಕೊಡ್ರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ. ಆದರ ರೊಕ್ಕಾ?"

"ಅದಕ್ಕಲ್ಲೇನ ನಿನ್ನ ಖಜಾಂಚಿ ಮಾಡಿದ್ದು?"

ಮಕ್ಕಳು ಹೆಚ್ಚಾಗಿದ್ದವು, ದಾನ ಕೊಡುವವರು ಅಷ್ಟೇ ಇದ್ದರು. ಹೊಸ ಮಕ್ಕಳಿಗೆ ಪುಸ್ತಕ ಕೊಡಬಹುದು, ಚೀಲ ಕೊಡಲಾಗದು ಎನ್ನುವ ಪರಿಸ್ಥಿತಿ. ಗೋಡೆಗೆ ಅಂಟಿಕೊಂಡು ನಿಂತ ಮಕ್ಕಳಿಗೆ ಚೀಲವಿಲ್ಲದೆ ಪುಸ್ತಕ ಕೊಟ್ಟರೆ ಅವು ಇನ್ನೂ ಗಟ್ಟಿಯಾಗಿ ಗೋಡೆಗೇ ಅಂಟಿಕೊಳ್ಳುತ್ತವೆ ಎಂಬುದು ನನಗೂ ಅರ್ಥವಾಗುತ್ತಿತ್ತು. ಸರೋಜಕ್ಕನ ಮಾತು ಉಳಿಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮಕ್ಕಳ ಎದುರು ಅವರ ಮುಖ ಉಳಿಯಬೇಕಿತ್ತು.

ಆಗ ಹಿಂದಿನ ವರ್ಷದ ಬಿಲ್ಲು ತೆಗೆದು ನೋಡಿದೆ. ಸಾಲ ಕೇಳಲು ಬರುವ ವ್ಯಾಪಾರಿಗಳ ಬಿಲ್ಲು ಓದಿ ಓದಿ ನನಗೊಂದು ಚಟ ಹತ್ತಿದೆ. ಹೋಟೆಲ್ಲಿನಲ್ಲೂ ದೋಸೆ ಬರುವ ಮೊದಲು ತೆರಿಗೆ ಎಷ್ಟು ಹಾಕಬಹುದೆಂದು ಯೋಚಿಸುತ್ತ ಕೂರುತ್ತೇನೆ. ನಮ್ಮ ಟ್ರಸ್ಟಿನ ಬಿಲ್ಲನ್ನು ಮಾತ್ರ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅದರಲ್ಲಿ ಒಂದೇ ಸಾಲು ಇತ್ತು: ಶಾಲಾ ಕಿಟ್, ಇಷ್ಟು ನಗ, ಇಷ್ಟು ದರ, ಇಷ್ಟು ತೆರಿಗೆ.

ವಿಷಯ ಇಷ್ಟೇ. ಚೀಲಕ್ಕೆ ತೆರಿಗೆ ಜಾಸ್ತಿ. ನೋಟುಬುಕ್ಕು, ಪೆನ್ಸಿಲ್ಲಿಗೆ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಆದರೆ ಎಲ್ಲವನ್ನೂ ಒಂದು ಸೆಟ್ ಮಾಡಿ ಒಂದೇ ಬೆಲೆಗೆ ಕೊಂಡಿರೋ, ಆಗ ಅದರೊಳಗೆ ಯಾವುದಕ್ಕೆ ಹೆಚ್ಚಿನ ತೆರಿಗೆಯೋ ಅದೇ ಎಲ್ಲಕ್ಕೂ ಬೀಳುತ್ತದೆ. ಮದುವೆಗೆ ಬಂದವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಎಂದು ಎಲ್ಲರಿಗೂ ಸಪ್ಪೆ ಪಾಯಸ ಬಡಿಸಿದ ಹಾಗೆ. ವ್ಯಾಪಾರಿಗಳಾದರೆ ತಾವು ಕೊಟ್ಟ ತೆರಿಗೆಯನ್ನು ಮುಂದಿನವರ ತಲೆಗೆ ದಾಟಿಸುತ್ತಾರೆ. ನಮ್ಮದು ಚಿಕ್ಕ ಟ್ರಸ್ಟು, ನಮ್ಮ ಮುಂದೆ ಯಾರೂ ಇಲ್ಲ, ಚೀಲ ಹೆಗಲಿಗೇರಿಸುವ ಮಕ್ಕಳನ್ನು ಬಿಟ್ಟರೆ. ತೆರಿಗೆ ಬಂದು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ.

ಸರೋಜಕ್ಕನಿಗೆ ಫೋನಿನಲ್ಲಿ ಇದನ್ನು ವಿವರಿಸಿದೆ. ಜಿಎಸ್‌ಟಿ ಬಂದು ಎಷ್ಟೋ ವರ್ಷವಾದರೂ ಅವರ ಬಾಯಲ್ಲಿ ಅದು ಇನ್ನೂ ವ್ಯಾಟೇ. ಅತ್ತೆ ಹೋಗಿ ಸೊಸೆಯ ಕಾರುಬಾರು ಬಂದರೂ ಮನೆಗೆ ಅತ್ತೆಯ ಹೆಸರೇ ಉಳಿದ ಹಾಗೆ.

"ಅಂದ್ರ ನಾವು ರಿಬ್ಬನ್ ಕಟ್ಟಿಸಿ ತರಸ್ತಿದ್ವೆಲ್ಲಾ, ಆ ಗಂಟಿಗೇ ವ್ಯಾಟ್ ಬೀಳ್ತಿತ್ತೇನ?"

"ಹಂಗ ತಿಳಕೊಳ್ರಿ."

"ಬಿಚ್ಚಿಸಿಬಿಡು ಹಂಗಾರ!"

ವಿಜಯವಾಡದ ಒನ್ ಟೌನ್ ಪೇಟೆಯ ಸುಬ್ಬಾರಾವುಗಾರು ನಮಗೆ ಕಿಟ್ ಕೊಡುವ ವ್ಯಾಪಾರಿ. ಗಲ್ಲಿಯ ಎರಡೂ ಕಡೆ ಸರಕಿನ ಬೇಲುಗಳು, ನಡುವೆ ತಳ್ಳುಗಾಡಿ, ಅವುಗಳ ಸಂದಿಯಲ್ಲಿ ಸೀರೆ ಎತ್ತಿ ಹಿಡಿದು ನುಸುಳಿದರೆ ಅವರ ಅಂಗಡಿ. ಹರೆಯದಲ್ಲಿ ಬಳ್ಳಾರಿಯಲ್ಲಿ ಹತ್ತಿ ವ್ಯಾಪಾರ ಮಾಡಿದವರು, ನನ್ನನ್ನು ಕಂಡರೆ ಹಳೆಯ ಕನ್ನಡವನ್ನೆಲ್ಲ ದೂಳು ಕೊಡವಿ ತೆಗೆಯುತ್ತಾರೆ. ಅಂದು ನನ್ನ ಬೇಡಿಕೆ ಕೇಳಿ ಅವರಿಗೆ ಬೇಜಾರಾಯಿತು.

"ಸೆಟ್ ಅಂದ್ರೆ ಸೆಟ್ಟೇ ಅಮ್ಮಾ. ನಮ್ಮ ತಂದೆ ಕಾಲದಿಂದ ಹಂಗೇ ಕಟ್ಟಿ ಕೊಡ್ತಾ ಇದೀವಿ. ಎಂಥ ಚಂದ ಕಾಣ್ಸುತ್ತೆ!"

"ಚಂದ ನಾವು ಮಾಡ್ಕೋತೀವಿ. ಚೀಲದ್ದ ಬ್ಯಾರೆ, ಪುಸ್ತಕದ್ದ ಬ್ಯಾರೆ, ಒಂದೊಂದಕ್ಕೂ ಅದರದರ ದರಾ ಹಾಕಿ ಬರೀರಿ. ಕಟ್ಟೂದೂ ಬ್ಯಾರೆ ಬ್ಯಾರೆ."

"ಗಂಡ ಹೆಂಡ್ತೀನ ಬೇರೆ ಬೇರೆ ಬಸ್ಸಲ್ಲಿ ಕಳ್ಸಿದಂಗೆ ಆಯ್ತಲ್ಲಮ್ಮಾ," ಎಂದು ನಿಟ್ಟುಸಿರು ಬಿಟ್ಟು ಬರೆದರು. ಬರೆದು ಮುಗಿಸಿದ ಮೇಲೆ, ಮಕ್ಕಳ ಕೆಲಸಕ್ಕೆ ತಾವು ಏನೂ ಕೊಡದೆ ಇರುವುದು ಹೇಗೆಂದು ಒಳಗಿನಿಂದ ಒಂದು ಸುರುಳಿ ರಿಬ್ಬನ್ ತಂದು ನನ್ನ ಕೈಯಲ್ಲಿಟ್ಟರು. "ಇದಕ್ಕೆ ಬಿಲ್ ಇಲ್ಲ, ಟ್ಯಾಕ್ಸ್ ಇಲ್ಲ. ನೀವೇ ಕಟ್ಕೊಳ್ಳಿ." ನಾನು ಮನೆಗೆ ಬಂದು ಅದನ್ನು ಕಪಾಟಿನಲ್ಲಿಟ್ಟೆ. ಆ ರಿಬ್ಬನ್ನೇ ಇದು.

ಉಳಿಸಿದ ತೆರಿಗೆಯ ದುಡ್ಡಿನಲ್ಲಿ ಹೊಸ ಮಕ್ಕಳಿಗೆಲ್ಲ ಚೀಲ ಬಂತು. ನನಗಾದ ಹೆಮ್ಮೆ ಹೇಳತೀರದು. ಬ್ಯಾಂಕಿನಲ್ಲಿ ಎದುರು ಸಿಕ್ಕವರಿಗೆಲ್ಲ ಹೇಳಿದೆ, ಮಂಗಳಗಿರಿ ಸೀರೆ ಮಾರಲು ಮನೆಗೆ ಬರುವ ಹೆಂಗಸನ್ನೂ ಬಿಡಲಿಲ್ಲ. ಆಕೆ ಪೂರ್ತಿ ಕೇಳಿ, ಪಾಪ, ಸೀರೆಗೆ ಸ್ವಲ್ಪ ಕಡಿಮೆ ಮಾಡಿ ಹೋದಳು. ಉಳಿತಾಯದ ಹುಚ್ಚು ಒಮ್ಮೆ ತಲೆಗೇರಿತೆಂದರೆ ಅಷ್ಟಕ್ಕೇ ಇಳಿಯುವುದಿಲ್ಲ ನೋಡಿ. ಚೀಲ ಹಗುರ, ಅವನ್ನು ರೈಲಿನ ಪಾರ್ಸೆಲ್ಲಿಗೆ ಹಾಕಿದೆ. ಪುಸ್ತಕ ಭಾರ, ಅವಕ್ಕೆ ಅತಿ ಅಗ್ಗದ ಲಾರಿ ಹುಡುಕಿದೆ. ತುಂಬಿದರೆ ಮಾತ್ರ ಹೊರಡುವ ಲಾರಿ ಅದು.

ಶಾಲೆ ಶುರುವಾಗುವ ಮುಂಚಿನ ಭಾನುವಾರ ನಾನು ವಿಶಾಖಪಟ್ಟಣಕ್ಕೆ ಹೋದೆ. ಚೀಲಗಳು ಬಂದು ವರಾಂಡದಲ್ಲಿ ಸಾಲಾಗಿ ಕೂತಿದ್ದವು. ಪುಸ್ತಕ ಬಂದಿರಲಿಲ್ಲ. ಫೋನು ಮಾಡಿದರೆ ಲಾರಿ ಇನ್ನೂ ದಾರಿಯ ಯಾವುದೋ ಊರಿನಲ್ಲಿ ಸರಕಿಗೆ ಕಾಯುತ್ತಿದೆ ಎಂದರು. ಮಕ್ಕಳು, ತಾಯಂದಿರು ಆಗಲೇ ಬರತೊಡಗಿದ್ದರು. ಹೊಸಬರು ಮತ್ತೆ ಅದೇ ಗೋಡೆಯ ಹತ್ತಿರ. ಅವರಲ್ಲೊಬ್ಬಳು ಮೀನುಗಾರರ ಓಣಿಯ ಹೆಂಗಸು, ಮಗಳು ನೂಕರತ್ನಂಳನ್ನು ಮುಂದೆ ನಿಲ್ಲಿಸಿಕೊಂಡು, "ಮಾ ಪಿಲ್ಲಲಕೂಡಾನಾ ಅಮ್ಮಾ?" ಎಂದು ಕೇಳಿದಳು. ನಮ್ಮ ಮಕ್ಕಳಿಗೂನಾ ಎಂದು. ಹೌದು ಎಂದೆ. ನಂಬಿದ ಹಾಗೆ ಕಾಣಲಿಲ್ಲ.

"ಇವತ್ತ ಚೀಲ ಕೊಟ್ಟಬಿಡೂಣ್ರಿ ಅಕ್ಕಾರ," ಎಂದೆ ಸರೋಜಕ್ಕನ ಕಿವಿಯಲ್ಲಿ. "ಪುಸ್ತಕಾ ಬಂದ ಮ್ಯಾಲ ಕೊಟ್ಟರಾತು."

ಸರೋಜಕ್ಕ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಬರೀ ಚೀಲಾ? ಮನಿಮಗಳ ಕೈಯಾಗ ಬರೀ ಚೀಲಾ ಕೊಡ್ತಾರೇನ? ನಿಮ್ಮವ್ವ ಹಿಂಗ ಕಲಿಸ್ಯಾಳೇನ ನಿನಗ?"

ನಮ್ಮವ್ವ ಹಾಗೆ ಕಲಿಸಿರಲಿಲ್ಲ. ನಮ್ಮ ಮನೆಗೆ ಪಕ್ಕದ ಮನೆಯಿಂದ ಬಟ್ಟಲಲ್ಲಿ ಏನಾದರೂ ಬಂದರೆ ಆ ಬಟ್ಟಲು ನಮ್ಮ ಮನೆಯಿಂದ ಖಾಲಿ ಹೊರಟಿದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಅವ್ವ ಒಂದು ಚಮಚ ಸಕ್ಕರೆ ಹಾಕಿ ನನ್ನ ಕೈಗೆ ಕೊಡುತ್ತಿದ್ದಳು. ದಾರಿಯಲ್ಲಿ ನಾನು ಆ ಸಕ್ಕರೆಯನ್ನು ನೆಕ್ಕಿ, ಖಾಲಿ ಬಟ್ಟಲನ್ನೇ ಮುಟ್ಟಿಸಿ ಬರುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬಟ್ಟಲಿನ ಅಂಚು ಮುಟ್ಟಿ ನೋಡಿ, ಅಂಟು ಅಂಟಾಗಿದ್ದುದರಿಂದ ಅವ್ವ ಮರ್ಯಾದೆ ಉಳಿಸಿಕೊಂಡಿದ್ದಾಳೆ ಎಂದು ತಿಳಿಯುತ್ತಿದ್ದಳು. ಆ ಸಕ್ಕರೆ ಸುಂಕದ ಹಾಗೆ ದಾರಿಯಲ್ಲೇ ವಸೂಲಾಗುತ್ತಿತ್ತು.

ಅಂದು ನಮ್ಮವರ ವಾರ್ಷಿಕ ಊಟವೂ ಇತ್ತು. ಅಡುಗೆಗೆ ತಂದ ಅಕ್ಕಿಯ ಮೂಟೆ, ಪಾಯಸದ ಬೆಲ್ಲ, ಬಾಳೆಗೊನೆ ಎಲ್ಲ ಕೋಣೆಯ ಮೂಲೆಯಲ್ಲಿತ್ತು. ಸರೋಜಕ್ಕನ ಕಣ್ಣು ಅಲ್ಲಿಗೆ ಹೋಯಿತು.

"ಶಾಲಿನಿ, ಆ ಮೂಟಿ ಬಿಚ್ಚವಾ."

ಶಾಲಿನಿ ಉಡುಪಿ ಕಡೆಯವಳು, ನೌಕಾಪಡೆಯವರ ಹೆಂಡತಿ, ಅಂದಿನ ಅಡುಗೆಯ ಉಸ್ತುವಾರಿ ಅವಳದ್ದು. "ಎಂತ ಅಕ್ಕ, ಅದು ಊಟದ ಅಕ್ಕಿ ಅಲ್ವಾ? ನಾವು ಎಂತ ತಿನ್ನುದು?"

"ಅವಲಕ್ಕಿ ತಿನ್ನೂಣಂತ. ಬಿಚ್ಚು."

ಭಾನುವಾರದ ಪಾಠಕ್ಕೆ ಬಂದ ನಮ್ಮ ಮಕ್ಕಳು ಹಳೆಯ ಪೇಪರು ಹರಿದು ಪೊಟ್ಟಣ ಕಟ್ಟಿದವು. ಒಂದೊಂದು ಚೀಲಕ್ಕೆ ಹಿಡಿ ಅಕ್ಕಿ, ಬೆಲ್ಲದ ತುಂಡು, ಬಾಳೆಹಣ್ಣು. ನಮ್ಮ ಕಡೆ ಮನೆಮಗಳಿಗೆ ಉಡಿ ತುಂಬುವ ರೀತಿಯಲ್ಲೇ ಸರೋಜಕ್ಕ ಒಂದೊಂದು ಮಗುವನ್ನೂ ಕರೆದು, ತಾವೇ ಚೀಲ ಎತ್ತಿ ಹೆಗಲಿಗೆ ಹಾಕಿದರು. ಕರೆದದ್ದೂ ಹಳೆಯವರೊಬ್ಬರು ಹೊಸಬರೊಬ್ಬರು ಎನ್ನುವ ಹಾಗೆ ಬೆರೆಸಿ. ಹೆಡ್‌ಮಿಸ್ಟ್ರೆಸ್ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ಶಾಲೆಗೆ ಕಳಿಸುತ್ತಿದ್ದೀರೋ ಅತ್ತೆಮನೆಗೋ ಎಂದು. ತಾಯಂದಿರು ಮಾತ್ರ ನಗಲಿಲ್ಲ. ಇದೇನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೂಕರತ್ನಂಳ ತಾಯಿ ಮಗಳ ಚೀಲವನ್ನು ಕೆಳಗಿನಿಂದ ಎತ್ತಿ ನೋಡಿ ಭಾರವಿದೆಯೆಂದು ಖಾತ್ರಿ ಮಾಡಿಕೊಂಡಳು. ನಾವು ಅವಲಕ್ಕಿ ಮಜ್ಜಿಗೆ ತಿಂದೆವು. ಅಷ್ಟು ರುಚಿಯ ವಾರ್ಷಿಕ ಊಟ ನಾನು ಉಂಡಿಲ್ಲ, ಶಾಲಿನಿಯನ್ನು ಕೇಳಿದರೆ ಬೇರೆ ಹೇಳುತ್ತಾಳೆ.

ವಾರದ ನಡುವೆ ಪುಸ್ತಕಗಳು ಬಂದವು. ಮುಂದಿನ ಭಾನುವಾರ ಚೀಲ ತಂದು ಪುಸ್ತಕ ತುಂಬಿಸಿಕೊಂಡು ಹೋಗಿ ಎಂದು ಮಕ್ಕಳಿಗೆ ಹೇಳಿಕಳಿಸಿದರು. ನಾನು ಮತ್ತೆ ರೈಲು ಹತ್ತಿದೆ. ಉಳಿಸಿದ ಲಾರಿ ಬಾಡಿಗೆ ನನ್ನ ಟಿಕೆಟ್ಟಿಗೆ ಹೋಯಿತು, ಅದನ್ನು ನಮ್ಮ ಮನೆಯವರಿಗೆ ಇವತ್ತಿಗೂ ಹೇಳಿಲ್ಲ.

ಮಕ್ಕಳು ಬಂದವು. ಮೊದಲನೆಯವನ ಚೀಲದ ಬಾಯಿಂದ ನುಗ್ಗೆಕಾಯಿ ಇಣುಕುತ್ತಿತ್ತು. ಎರಡನೆಯವಳದು ತೆರೆದರೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ. ಆಮೇಲೆ ಮಾವಿನಕಾಯಿ, ತಾಟಿನಿಂಗು, ಒಬ್ಬನದರಲ್ಲಿ ಎರಡು ಕೋಳಿಮೊಟ್ಟೆ. ನಾನೂ ಸರೋಜಕ್ಕನೂ ಮುಖ ಮುಖ ನೋಡಿಕೊಂಡೆವು. ತುಂಬಿ ಕೊಟ್ಟ ಚೀಲವನ್ನು ಬರಿದಾಗಿ ವಾಪಸು ಕಳಿಸುವುದು ಹೇಗೆಂದು ಅಲ್ಲಿಯೂ ಒಂದೊಂದು ಮನೆಯಲ್ಲಿ ಒಬ್ಬೊಬ್ಬ ಅವ್ವ ಯೋಚಿಸಿದ್ದಳು! ನಾನು ಪುಸ್ತಕ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ನೂಕರತ್ನಂ ಬಂದು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಸರೋಜಕ್ಕನ ಮುಂದೆ ಹಿಡಿದಳು. ಮುಚ್ಚಳ ತೆಗೆಯುವ ಮೊದಲೇ ನಮಗೆಲ್ಲ ಗೊತ್ತಾಯಿತು. ಒಣಮೀನು.

ಸರೋಜಕ್ಕನ ಮಡಿಯ ಬಗ್ಗೆ ನಿಮಗೆ ಹೇಳಿಲ್ಲ. ಸೋಮವಾರ ಅವರು ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಯಾರದೋ ಹುಟ್ಟುಹಬ್ಬದ ಕೇಕಿನಲ್ಲಿ ಮೊಟ್ಟೆಯಿದೆ ಎಂದು ತಿಳಿದು ಮೂರು ಸಲ ಬಾಯಿ ಮುಕ್ಕಳಿಸಿದವರು. ಮೀನುಪೇಟೆಯ ಹತ್ತಿರ ಆಟೋ ಹೋದರೆ ಸೆರಗು ಮೂಗಿಗೆ ಹೋಗುತ್ತದೆ. ಈಗ ಆ ಹುಡುಗಿ ಅವರ ಮುಖವನ್ನೇ ನೋಡುತ್ತ ನಿಂತಿದೆ. ಅದರ ಹಿಂದೆ ಉಳಿದ ಹೊಸ ಮಕ್ಕಳು, ಅವೂ ನೋಡುತ್ತಿವೆ. ಮೂಗು ಒಂದಿಷ್ಟು ಸಿಂಡರಿಸಿದರೂ ಸಾಕಾಗಿತ್ತು. ಭೇದವಿಲ್ಲ ಎಂದು ಕೊಟ್ಟ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ಉಸಿರು ಬಿಗಿಹಿಡಿದೆ, ಅದಕ್ಕೆ ವಾಸನೆಯೂ ಒಂದು ಕಾರಣ.

ಸರೋಜಕ್ಕ ಸೆರಗು ಸರಿಮಾಡಿಕೊಂಡು ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ಪ್ರಸಾದದ ಹಾಗೆ ಕಣ್ಣಿಗೆ ಒತ್ತಿಕೊಂಡರು. "ಅಮ್ಮಕು ಚೆಪ್ಪು, ಚಾಲಾ ಸಂತೋಷಂ ಅನಿ," ಎಂದು ಹುಡುಗಿಯ ಗಲ್ಲ ಸವರಿ, ತಾಯಿಗೆ ಬಹಳ ಸಂತೋಷ ಎಂದು ಹೇಳಲು ತಿಳಿಸಿ, ಡಬ್ಬಿಯನ್ನು ತಮ್ಮ ಹೆಗಲಚೀಲದಲ್ಲಿ ಇಟ್ಟುಕೊಂಡರು. ಆ ಚೀಲದಲ್ಲಿ ಅವರ ಕನ್ನಡ ಪಾಠದ ಪುಸ್ತಕ, ವಿಭೂತಿಯ ಭರಣಿ, ಎಲ್ಲ ಇರುತ್ತದೆ. ನೂಕರತ್ನಂ ಹಲ್ಲು ಬಿಟ್ಟು ನಕ್ಕು, ಚೀಲ ತುಂಬಾ ಪುಸ್ತಕ ಹಾಕಿಸಿಕೊಂಡು ಓಡಿದಳು. ಅವಳು ಹೋಗಿ ಸೇರಿದ ಗುಂಪಿನಲ್ಲಿ ಹಳೆಯವರು ಯಾರು ಹೊಸಬರು ಯಾರು ಎಂದು ನನಗೆ ತಿಳಿಯಲಿಲ್ಲ.

"ಅಕ್ಕ, ಅದನ್ನು ನನ್ನ ಹತ್ರ ಕೊಡಿ," ಎಂದು ಶಾಲಿನಿ ಮೆಲ್ಲಗೆ ಕೈ ಚಾಚಿದಳು.

"ಸುಮ್ನಿರು. ಆ ಹುಡುಗಿ ಗೇಟ್ ದಾಟಲಿ."

ಗೇಟ್ ದಾಟಿದ ಮೇಲೆ ಡಬ್ಬಿ ಕೈ ಬದಲಾಯಿಸಿತು. ಶಾಲಿನಿ ಮುಚ್ಚಳ ತೆರೆದು ಕಣ್ಣು ಮುಚ್ಚಿದಳು. "ದೇವರೇ! ಊರು ಬಿಟ್ಟ ಮೇಲೆ ಇಂಥದ್ದು ಕಂಡೇ ಇಲ್ಲ ಮಾರಾಯ್ರೆ!" ಎಂದು ಅಲ್ಲಿಯೇ ಕೂತು ಚಟ್ನಿ ಮಾಡುವ ವಿಧಾನ ಹೇಳತೊಡಗಿದಳು.

"ಮೀನ ನಿಂದು, ಡಬ್ಬಿ ನಂದು," ಎಂದರು ಸರೋಜಕ್ಕ. "ನಾಳೆ ಬಂದು ಇಸ್ಕೋತೀನಿ."

ಎರಡು ದಿನ ಬಿಟ್ಟು ನನಗೆ ವಿಜಯವಾಡಕ್ಕೆ ಫೋನು ಬಂತು. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದಾಯಿತು, ನಿಂಬೆಸಿಪ್ಪೆ ಹಾಕಿ ತಿಕ್ಕಿದ್ದಾಯಿತು, ಬಿಸಿಲಿಗೆ ಇಟ್ಟದ್ದಾಯಿತು. "ವಾಸನಿ ಹೋಗವಲ್ದು ಗಿರಿಜಾ. ಹೆಂಗಾರ ಇರಲಿ, ವಾಪಸ್ ಕೊಡಬೇಕಲಾ. ಏನ ತುಂಬ್ಲಿ?"

"ಶೇಂಗಾ ಹೋಳಿಗಿ ತುಂಬ್ರಿ," ಎಂದೆ. "ಟ್ರಸ್ಟಿನ ಖರ್ಚಿನಾಗ ಹಾಕಬ್ಯಾಡ್ರಿ ಮತ್ತ."

ಹೋಳಿಗೆ ಹೋಯಿತು. ಡಬ್ಬಿ ಸುಮ್ಮನೆ ಬರುತ್ತದೆಯೇ? ನೂಕರತ್ನಂಳ ತಾಯಿ ಸರೋಜಕ್ಕ ಮೀನು ತಿನ್ನುವುದಿಲ್ಲ ಎಂಬುದನ್ನು ಅಷ್ಟರಲ್ಲಿ ಯಾರಿಂದಲೋ ತಿಳಿದುಕೊಂಡಿದ್ದಳು. ಒಂದು ಸಲ ಮಲ್ಲಿಗೆ ಕಳಿಸಿದಳು, ಒಂದು ಸಲ ಮಾವಿನಕಾಯಿ ತುಂಡು ಹಾಕಿದ ಉಪ್ಪಿನಕಾಯಿ. ಇತ್ತಲಿಂದ ಉಂಡಿ, ಚಕ್ಕುಲಿ, ಸಂಕ್ರಾಂತಿಗೆ ಎಳ್ಳುಬೆಲ್ಲ. ವರ್ಷ ತುಂಬುತ್ತ ಬಂದರೂ ಆ ಡಬ್ಬಿ ಯಾರ ಮನೆಯಲ್ಲೂ ಪೂರಾ ಒಂದು ವಾರ ನಿಂತಿಲ್ಲ.

ಮತ್ತೆ ಜೂನ್ ಬಂದಿದೆ. ಈ ಸಲ ಪುಸ್ತಕಕ್ಕೂ ಚೀಲಕ್ಕೂ ಬೇರೆ ಬೇರೆ ಬಿಲ್ಲು, ಲಾರಿ ಮಾತ್ರ ಒಂದೇ. ಛತ್ರಿ ಸಿಗಲೇ ಇಲ್ಲ. ರಿಬ್ಬನ್ನನ್ನು ವಿಶಾಖಪಟ್ಟಣಕ್ಕೆ ಒಯ್ಯುವ ಬ್ಯಾಗಿಗೆ ಹಾಕಿದೆ. ನೂಕರತ್ನಂ ಈಗ ಎರಡು ಜಡೆ ಹಾಕುತ್ತಾಳಂತೆ, ನಾನಾದರೂ ಬರಿಗೈಲಿ ಹೋಗುವುದು ಹೇಗೆ? ಏನೇನು ತರಬೇಕೆಂದು ಕೇಳಲು ನಿನ್ನೆ ಸರೋಜಕ್ಕನಿಗೆ ಫೋನು ಮಾಡಿದ್ದೆ. ಡಬ್ಬಿ ಅವರ ಮನೆಯಲ್ಲೇ ಇತ್ತು, ಅದರಲ್ಲಿ ಹೋಳಿಗೆ ಜೋಡಿಸುತ್ತಿದ್ದರು.

"ಅಂದಂಗ ಅಕ್ಕಾರ," ಎಂದೆ, "ಆ ಡಬ್ಬಿ ವಾಸನಿ ಹೋತೇನ್ರಿ?"

ಅತ್ತ ಮುಚ್ಚಳ ಒತ್ತಿದ ಸದ್ದು ಕೇಳಿತು.

"ಯಾವ ವಾಸನಿ?" ಎಂದರು ಸರೋಜಕ್ಕ.